ನೋಡಿದವರು ಯಾರು?

ದಿನಗೂಲಿಯ ರತ್ನಮಾಲಾ ಸೋಮವಾರ ಮೂರು ಊರು ಸುತ್ತಿ ಕುಡಿಯುವ ನೀರಿನ ಮಾದರಿಗಳನ್ನು ತಂದಿದ್ದಳು. ಆಟೊ ಬಾಡಿಗೆಗೇ ಎರಡು ದಿನದ ಕೂಲಿ ಹೋಗಿತ್ತು. ಆ ಬಿಲ್ಲನ್ನು ಸಾಹೇಬರ ಮುಂದಿಟ್ಟಳು.

“ಹೆಂಗಸರಿಗೆ ಬಸ್ಸು ಫ್ರೀ ಅಲ್ವೇನಮ್ಮ?”

“ಆ ಊರುಗಳಿಗೆ ಬಸ್ಸೇ ಇಲ್ಲ ಸಾರ್.”

“ಮನೇಲಿ ಕೂತು ನಲ್ಲಿ ನೀರನ್ನೇ ಬಾಟ್ಲಿಗೆ ತುಂಬಿರ್ತೀಯ. ನೀನು ಹೋಗಿದ್ದನ್ನ ನೋಡಿದೋರು ಯಾರು?”

“ನೀವೇ ಸಾರ್.”

“ನಾನಾ?” ಸಾಹೇಬರು ಗುಮಾಸ್ತನ ಕಡೆ ತಿರುಗಿ ನಕ್ಕರು. “ಸೋಮವಾರ ಈ ಕುರ್ಚಿ ಬಿಟ್ಟು ಎದ್ದಿದ್ದೀನೇನ್ರೀ ನಾನು? ಹೇಳ್ರೀ ಇವಳಿಗೆ!”

ಗುಮಾಸ್ತ ನಗಲಿಲ್ಲ. ಮೇಜಿನ ಮೇಲೆ ತೆರೆದಿದ್ದ ಸೋಮವಾರದ ಜೀಪಿನ ಬಿಲ್ಲಿನಲ್ಲಿ, ಸಾಹೇಬರದೇ ಅಕ್ಷರದಲ್ಲಿ ಹೀಗೆ ಬರೆದಿತ್ತು: “ಮೂರೂ ಊರುಗಳಿಗೆ ಖುದ್ದಾಗಿ ಭೇಟಿ ನೀಡಿದೆ. ರತ್ನಮಾಲಾ ಕೆಲಸದಲ್ಲಿದ್ದಳು.”