ಬಾಂಬೆಗೆ ಎಷ್ಟು ತಾಸು

ಇಸ್ತ್ರಿಯಡಿ ಬಟ್ಟೆ ಸುಟ್ಟ ವಾಸನೆ ಬಂದರೆ ಈಗಲೂ ಅಮೆರಿಕದಲ್ಲಿ, ನ್ಯೂಯಾರ್ಕಿನ ಪಕ್ಕದ ಹೋಬೋಕನ್‌ನ ಆ ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಎಂಟು ವರ್ಷ. ಇಂಗ್ಲಿಷ್ ಬಾರದ ಅಮ್ಮ, ಅಪ್ಪನ ಅಂಗಿ ಇಸ್ತ್ರಿ ಮಾಡುತ್ತಲೇ ನನ್ನಿಂದ ವಿಮಾನ ಕಂಪನಿಗೆ ಫೋನ್ ಮಾಡಿಸಿದಳು. "ನ್ಯೂಯಾರ್ಕಿನಿಂದ ಬಾಂಬೆಗೆ ಎಷ್ಟು ತಾಸು, ಕೇಳು."

ನಾನು ಕೇಳಿ ಫೋನ್ ಇಡುವಷ್ಟರಲ್ಲಿ ಅಪ್ಪ ಬಾಗಿಲಲ್ಲಿದ್ದ.

"ಯಾರನ್ನ ಕೇಳಿ ಹೊಂಟೀ?" ಎಂದು ಅಮ್ಮನ ಜಡೆ ಹಿಡಿದು ಗೋಡೆಗೆ ಬಡಿದ. ಫೋನಿನ ತಂತಿ ಕಿತ್ತು ಅದರಿಂದಲೇ ಹೊಡೆದ. ಇಸ್ತ್ರಿಯ ಕೆಳಗೆ ಅಂಗಿ ಹೊಗೆಯಾಡುತ್ತಿತ್ತು.

ಅವನು ಹೊರಗೆ ಹೋದ ಮೇಲೆ ಅಮ್ಮ ತುಟಿಯ ರಕ್ತ ಒರೆಸಿಕೊಂಡು ಕೇಳಿದಳು, "ಏನಂದ್ರು?"

"ಟ್ವೆಂಟಿ ಅವರ್ಸ್."

"ಕನ್ನಡದಾಗ ಹೇಳು."

"ಇಪ್ಪತ್ತು ತಾಸು."

"ಅಷ್ಟ ಏನು?" ಎಂದ ಅಮ್ಮ ಮಂಚದ ಕೆಳಗಿನ ಸೂಟ್‌ಕೇಸ್ ಎಳೆದು, ಮೊದಲು ನನ್ನ ಫ್ರಾಕುಗಳನ್ನು ಮಡಚಿಟ್ಟಳು.