ಕ್ಷಮಾದಾನ

ಹಾರ್ಲನ್ ಅಮೆರಿಕದ ದಕ್ಷಿಣ ಭಾಗದ ಒಂದು ರಾಜ್ಯಕ್ಕೆ ಗವರ್ನರ್. ಪೆಟ್ರೋಲ್ ಬಂಕಿನ ಹೆಂಗಸೊಬ್ಬಳನ್ನು ಕೊಂದ ಅಪರಾಧಕ್ಕೆ ಡ್ಯಾರೆಲ್ ಎಂಬ ಕೈದಿಗೆ ಅಂದು ಸಂಜೆ ಮರಣದಂಡನೆಯಾಗಬೇಕಿತ್ತು. ಅದನ್ನು ತಡೆಯುವ ಅಧಿಕಾರ ಉಳಿದಿದ್ದದ್ದು ಗವರ್ನರನಿಗೆ ಮಾತ್ರ.

ಮಧ್ಯಾಹ್ನ ಏಮೋಸ್ ಅವನ ಕಚೇರಿಗೆ ಬಂದರು. ಅವರು ಅದೇ ರಾಜ್ಯದ ಸೆನೆಟರ್. ಗವರ್ನರನ ಮನೆಯವರೆಲ್ಲ ಹೋಗುವ ಬ್ಯಾಪ್ಟಿಸ್ಟ್ ಚರ್ಚಿಗೆ ಪಾಸ್ಟರ್ ಕೂಡ ಅವರೇ.

"ಹಾರ್ಲನ್, ಇದನ್ನ ನಿಲ್ಲಿಸಪ್ಪ."

"ಪಾಸ್ಟರ್, ಮುಂದಿನ ತಿಂಗಳು ಚುನಾವಣೆ. ಕೊಲೆಗಾರನನ್ನ ಉಳಿಸಿದರೆ ನಮ್ಮ ಚರ್ಚಿನವರೇ ನನಗೆ ಓಟು ಹಾಕಲ್ಲ."

"ಕೊಂದವನು ಡ್ಯಾರೆಲ್ ಅಲ್ಲ. ಕೊಂದವನು ಇವತ್ತು ಬೆಳಿಗ್ಗೆ ನನ್ನ ಮುಂದೆ ಮಂಡಿಯೂರಿ ಅತ್ತುಬಿಟ್ಟ."

ಗವರ್ನರ್ ನೆಟ್ಟಗೆ ಕುಳಿತ. "ಯಾರು ಅಂತ ಹೇಳಿ. ಈ ಕ್ಷಣವೇ ನಿಲ್ಲಿಸ್ತೀನಿ."

"ಹೇಳೋಕೆ ನನಗೆ ಬಾಯಿ ಬರ್ತಿಲ್ಲ. ಕೆಳಗೆ ನನ್ನ ಕಾರಲ್ಲಿ ಕೂತಿದ್ದಾನೆ. ನೀನೇ ನೋಡು."

ಗವರ್ನರ್ ಎದ್ದು ಕಿಟಕಿಯಿಂದ ಇಣುಕಿದ. ಕಾರಿನೊಳಗೆ ಅವನ ಒಬ್ಬನೇ ಮಗ ಕುಳಿತು ಮೇಲಕ್ಕೇ ನೋಡುತ್ತಿದ್ದ.

"ಇದು ಬೇರೆ ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ. ಮೊದಲು ಅಪ್ಪನಿಗೆ ಹೇಳು ಅಂತ ನಾನೇ ಕರ್ಕೊಂಡು ಬಂದೆ."

ಗವರ್ನರ್ ಕಿಟಕಿಯ ಪರದೆ ಎಳೆದ. ಆಮೇಲೆ ಬಂದು ಜೈಲಿಗೆ ಫೋನ್ ಮಾಡಿದ. ಏಮೋಸ್ ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ ಹೇಳಿದರು.

"ಸಂಜೆಯವರೆಗೆ ಕಾಯಬೇಡಿ," ಎಂದ ಗವರ್ನರ್, "ಡ್ಯಾರೆಲ್‌ನ ಶಿಕ್ಷೆ ಈಗಲೇ ಮುಗಿಸಿಬಿಡಿ."