ಸಾಹೇಬರ ಮುಖದ ಕೇಕ್

ಓದಿ ಬೇಜಾರಾದರೆ ಆಗಲಿ... ಹೇಸಿಗೆ ಅನ್ನಿಸಿದರೆ ಇನ್ನೂ ಒಳ್ಳೆಯದು.

ಡಿಸೆಂಬರ್ ಕೊನೆಯ ದಿನ. ಒಂದು ಬಡಾವಣೆಯ ಹಿರಿಯ ನಾಗರಿಕರ ಸಂಘದಲ್ಲಿ ವರ್ಷಾಂತ್ಯದ ಸಂತೋಷಕೂಟ... ಮುಖ್ಯ ಅತಿಥಿ ಕ್ಷೇತ್ರದ ಶಾಸಕರು.

ಸಂಘದ ಅಧ್ಯಕ್ಷ ಚನ್ನವೀರಯ್ಯನವರಿಗೆ ಒಂದು ವಾರದಿಂದ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸಾಹೇಬರ ಪಕ್ಕ ಕೂರಬೇಕು, ಆ ಫೋಟೋ ಪೇಪರಿನಲ್ಲಿ ಬರಬೇಕು... ಅದೊಂದೇ ಆಸೆ.

ಅದಕ್ಕಾಗಿ ಅವರು ಮಾಡಿಸಿದ ಕೇಕ್ ನೋಡಬೇಕಿತ್ತು! ಹೊಸ ವರ್ಷದ ಶುಭಾಶಯ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ... ನಡುವೆ ಕೈಮುಗಿದು ನಗುತ್ತಿರುವ ಸಾಹೇಬರ ಕಲರ್ ಫೋಟೋ. ತಿನ್ನುವ ಪದಾರ್ಥದ ಮೇಲೂ ಮೀಸೆ!

ಕಾರ್ಯಕ್ರಮ ಹನ್ನೊಂದಕ್ಕೆ. ಹನ್ನೆರಡಾಯಿತು... ಒಂದಾಯಿತು... ಸಾಹೇಬರ ಸುಳಿವಿಲ್ಲ.

ಅಡುಗೆಮನೆಯಿಂದ ಬಿಸಿಬೇಳೆಬಾತಿನ ಘಮ ಬರುತ್ತಿತ್ತು. ಆದರೆ ಅಧ್ಯಕ್ಷರು ಅದರ ಬಾಗಿಲು ಹಾಕಿಸಿಬಿಟ್ಟಿದ್ದರು. ಮೊದಲ ಸೌಟು ಸಾಹೇಬರೇ ಬಡಿಸಬೇಕಂತೆ, ಅದೂ ಕ್ಯಾಮೆರಾ ಎದುರು.

ವಯಸ್ಸಾದ ಜೀವಗಳು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದವು.

ಅಷ್ಟರಲ್ಲಿ ಫೋನ್... "ಸಾಹೇಬ್ರು ಸರ್ಕಲ್ ಹತ್ರ ಬಂದ್ರು!"

ಚನ್ನವೀರಯ್ಯ ಮುಂದಿನ ಸಾಲಿನಲ್ಲಿದ್ದ ಹೆಂಡತಿ ನಾಗಮಣಿಯವರ ಬಳಿಗೆ ಓಡಿದರು.

"ಇನ್ನೈದೇ ನಿಮಿಷ ಕಣೇ, ಇಂಜೆಕ್ಷನ್ ತಗೊಂಬಿಡು. ಸಾಹೇಬ್ರು ಬಂದ ತಕ್ಷಣ ಊಟ."

ನಾಗಮಣಿಯವರಿಗೆ ಶುಗರ್. ಊಟಕ್ಕೆ ಮುಂಚೆ ಇನ್ಸುಲಿನ್ ತೆಗೆದುಕೊಳ್ಳಬೇಕು... ತೆಗೆದುಕೊಂಡ ಮೇಲೆ ಊಟ ತಡವಾಗಬಾರದು. ಗಂಡನ ಮಾತು ನಂಬಿ ಚುಚ್ಚಿಕೊಂಡರು.

ಸಾಹೇಬರು ಸರ್ಕಲ್‌ಗೆ ಬಂದಿದ್ದೇನೋ ನಿಜ. ಆದರೆ ಅಲ್ಲಿ ಅಭಿಮಾನಿಗಳು ಕ್ರೇನಿಗೆ ಸೇಬಿನ ಹಾರ ನೇತುಹಾಕಿಕೊಂಡು ಕಾಯುತ್ತಿದ್ದರು.

ಹಾರ ಹಾಕಿಸಿಕೊಂಡರು. ವಿಡಿಯೋ ಚೆನ್ನಾಗಿ ಬರಲಿಲ್ಲವೆಂದು ಮತ್ತೊಮ್ಮೆ ಹಾಕಿಸಿಕೊಂಡರು. ಉದುರಿದ ಸೇಬಿಗೆ ಜನ ಮುಗಿಬಿದ್ದರು, ಅದನ್ನು ನೋಡಿ ನಕ್ಕರು. ಥೂ...

ಇತ್ತ ನಾಗಮಣಿಯವರ ಹಣೆಯಲ್ಲಿ ಬೆವರು. ಕೈಯಲ್ಲಿ ನಡುಕ.

"ರೀ... ತಲೆ ಸುತ್ತುತ್ತಾ ಇದೆ. ಒಂಚೂರು ಕೇಕಾದ್ರೂ ಕೊಡ್ರಿ..."

"ಹುಚ್ಚಾ ನಿಂಗೆ? ಸಾಹೇಬ್ರು ಕಟ್ ಮಾಡೋಕ್ ಮುಂಚೆ ಕೈ ಹಾಕೋದಾ? ಇಷ್ಟೊತ್ತು ಕೂತಿದ್ದೀಯ, ಇನ್ನೊಂಚೂರು ತಡ್ಕೋ. ಎಲ್ಲರ ಎದುರಿಗೆ ನನ್ನ ಮರ್ಯಾದೆ ತೆಗೀಬೇಡ."

ಮದುವೆಯಾದಾಗಿನಿಂದ ಗಂಡನ ಮರ್ಯಾದೆ ಕಾಯುವುದೇ ಆಕೆಗೆ ಕೆಲಸ. ಸುಮ್ಮನೆ ಸೆರಗಿನಲ್ಲಿ ಬೆವರು ಒರೆಸಿಕೊಂಡು ಕೂತರು.

ಸ್ವಲ್ಪ ಹೊತ್ತಿಗೆ ಕತ್ತು ವಾಲಿತು... ಮಾತು ತೊದಲಿತು.

ಪಕ್ಕದಲ್ಲಿದ್ದ ನೆರೆಮನೆಯ ಫರೀದಾ ಬಾನು ಯಾರನ್ನೂ ಕೇಳಲಿಲ್ಲ. ಸೀದಾ ವೇದಿಕೆ ಹತ್ತಿ, ಸಾಹೇಬರ ಮುಖಕ್ಕೇ ಕೈ ಹಾಕಿ, ಸಿಕ್ಕಷ್ಟು ಕೇಕ್ ಬಾಚಿಕೊಂಡು ಓಡಿ ಬಂದರು.

"ಅಯ್ಯಯ್ಯೋ! ಸಾಹೇಬ್ರ ಮುಖ!" ಎಂದು ಕಿರುಚಿದರು ಚನ್ನವೀರಯ್ಯ.

ಹೆಂಡತಿ ಕುರ್ಚಿಯಿಂದ ಜಾರುತ್ತಿದ್ದಾಳೆ... ಈ ಮಹಾನುಭಾವರ ಕಣ್ಣು ಹೋಗಿದ್ದು ಕೇಕಿನ ಕಡೆಗೆ!

"ಮುಖ ಬೇಕಿದ್ರೆ ಬೇಕ್ರಿಯಲ್ಲಿ ಇನ್ನೊಂದು ಮಾಡಿಸ್ಕೊಳ್ಳಿ ಅಣ್ಣಾ," ಎಂದರು ಫರೀದಾ, ಕ್ರೀಮನ್ನು ನಾಗಮಣಿಯವರ ನಾಲಿಗೆಗೆ ಸವರುತ್ತಾ. "ಅಕ್ಕನ್ನ ಎಲ್ಲಿಂದ ಮಾಡಿಸ್ಕೊಂಡ್ ಬರ್ತೀರಿ?"

ಚನ್ನವೀರಯ್ಯ ಆಗ ಹೆಂಡತಿಯ ಮುಖ ನೋಡಿದರು. ಹೆಂಡತಿಯ ಕಾಲ ಬಳಿ ಕುಸಿದರು. ಹಿಡಿದುಕೊಂಡ ಕೈ ತಣ್ಣಗೆ ಒದ್ದೆಯಾಗಿತ್ತು.

ಚೂರು ಚೂರೇ ನುಂಗಿದ ಮೇಲೆ, ಎಷ್ಟೋ ಹೊತ್ತಿಗೆ ನಾಗಮಣಿ ಕಣ್ಣುಬಿಟ್ಟರು. ಸುತ್ತ ನೋಡಿದರು... ವೇದಿಕೆಯ ಮೇಲಿನ ಕೇಕ್ ನೋಡಿದರು.

"ಕೇಕ್ ಹಾಳಾಗೋಯ್ತಾ ರೀ?... ಸಾಹೇಬ್ರು ಬೈತಾರೇನೋ... ನನ್ನಿಂದ ತಪ್ಪಾಯ್ತು..."

ಪ್ರಾಣ ಹೋಗುತ್ತಿದ್ದವಳು ಕ್ಷಮೆ ಕೇಳುತ್ತಿದ್ದಾಳೆ!

ಚನ್ನವೀರಯ್ಯನವರಿಗೆ ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ಆಕೆಯ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತರು.

ಆಗ ಹೊರಗೆ ಪಟಾಕಿ... ಡೊಳ್ಳು... ಜೈಕಾರ. ಸಾಹೇಬರ ಸವಾರಿ ಚಿತ್ತೈಸಿತು.

ಹಿಂಬಾಲಕನೊಬ್ಬ ಕೇಕ್ ನೋಡಿ, "ಮುಖದ ಮೇಲೆ ಹೂವಿಟ್ಟು ಮುಚ್ಚಿ, ಈ ಕಡೆಯಿಂದ ಕಟ್ ಮಾಡ್ಸೋಣ" ಎಂದ. ಫೋಟೋದವನು ನಾಗಮಣಿಯವರತ್ತ ಕೈ ತೋರಿಸಿ, "ಆ ಅಮ್ಮನ್ನ ಸ್ವಲ್ಪ ಹಿಂದೆ ಕೂರ್ಸಿ, ಫ್ರೇಮಲ್ಲಿ ಬರ್ತಾರೆ" ಎಂದ.

ವಿಷಯ ತಿಳಿದ ಸಾಹೇಬರು ಹೇಳಿದ್ದೇನು ಗೊತ್ತೇ?

"ಅಯ್ಯೋ, ಸರ್ಕಲ್‌ನಲ್ಲಿ ಸೇಬಿನ ಹಾರ ಹಾಕಿದ್ರು, ತಡ ಆಯ್ತು. ನಾನೇನ್ ಊಟ ಮಾಡ್ಬೇಡಿ ಅಂದಿದ್ನಾ? ನೀವಾಗ್ ನೀವೇ ತಾನೆ ಕಾದಿದ್ದು!"

ಚನ್ನವೀರಯ್ಯ ಕಣ್ಣೊರೆಸಿಕೊಂಡು ಎದ್ದರು.

"ನಿಜ ಸಾರ್. ಅಡುಗೆಮನೆ ಬಾಗಿಲು ಹಾಕ್ಸಿದ್ದು ನಾನೇ. ಆದ್ರೆ ಹನ್ನೊಂದಕ್ಕೆ ಬರ್ತೀನಿ ಅಂದು ಸೇಬಿನ ಹಾರಕ್ಕೆ ಕತ್ತು ಕೊಟ್ಟು ನಿಂತಿದ್ದು ನೀವು. ನಿಮ್ಮ ತಪ್ಪು ನೀವು ನೋಡ್ಕೊಳ್ಳಿ... ನನ್ನದನ್ನ ನಾನು ಸರಿ ಮಾಡ್ಕೋತೀನಿ."

ಸಾಹೇಬರಿಗೆಂದು ತರಿಸಿದ್ದ ಶಾಲು, ಹಾರವನ್ನು ಕುರ್ಚಿಯ ಮೇಲೆ ಹಾಕಿ ಹೋಗಿ ಅಡುಗೆಮನೆಯ ಬಾಗಿಲು ತೆರೆದರು. "ಎಲೆ ಹಾಕ್ರಪ್ಪಾ!"

ಮೊದಲ ಸೌಟು ನಾಗಮಣಿಯವರ ಎಲೆಗೆ ಬಿತ್ತು. ಬಡಿಸಿದ್ದು ಅವರ ಗಂಡ.

ಹಸಿದವರು ಯಾರೂ ವೇದಿಕೆಯತ್ತ ತಿರುಗಿ ನೋಡಲಿಲ್ಲ. ಯಾರಾದರೂ ಕರೆಯುತ್ತಾರೇನೋ ಎಂದು ಸ್ವಲ್ಪ ಹೊತ್ತು ನಿಂತಿದ್ದ ಸಾಹೇಬರು, ವಾಚ್ ನೋಡಿಕೊಂಡು ಮುಂದಿನ ಕಾರ್ಯಕ್ರಮಕ್ಕೆ ಹೊರಟುಹೋದರು.

ಮರುದಿನದ ಪೇಪರಿನಲ್ಲಿ ಸೇಬಿನ ಹಾರದ ಫೋಟೋ ದೊಡ್ಡದಾಗಿ ಬಂದಿತ್ತು.

ಚನ್ನವೀರಯ್ಯ ಪೇಪರ್ ಬಿಡಿಸಲೇ ಇಲ್ಲ... ಹೆಂಡತಿಗೆ ಹೊತ್ತಿಗೆ ಸರಿಯಾಗಿ ತಿಂಡಿ ಕೊಡುವುದಿತ್ತು.

*

ದೊಡ್ಡವರ ಮುಖ ಉಳಿಸಲು ಹೋಗಿ, ನಮ್ಮವರ ಜೀವ ಪಣಕ್ಕಿಡಬಾರದು.

ಮುಂದಿನ ಸಲ ನಿಮ್ಮೂರಿನ ಕಾರ್ಯಕ್ರಮಕ್ಕೆ ಅತಿಥಿ ತಡವಾಗಿ ಬಂದರೆ... ನೀವು ಹಾರ ಹಿಡಿದು ಕಾಯುತ್ತೀರೋ, ಎಲೆ ಹಾಕಿಸುತ್ತೀರೋ?